ನಮ್ಮ ಗೋಲಿನ ಎದುರು ಯಾರಿದ್ದಾರೆ? ಮಿನ್ನೆಸೋಟ ಗೋಫರ್ಸ್‌ನ ನಾಲ್ಕು ಸೀಸನ್

ಮಿನ್ನೆಸೋಟ_ಮೈಸೂರಿಗ

ಎರಡು ವರ್ಷ ಆದ ಮೇಲೆ ಕಳೆದ ವಾರ ಮನಸ್ಸು ಗಟ್ಟಿ ಮಾಡಿಕೊಂಡು 2023ರ ಅಮೆರಿಕದ ಕಾಲೇಜು ಐಸ್ ಹಾಕಿ ಫೈನಲ್ ಮ್ಯಾಚನ್ನು ಮೊದಲಿಂದ ಕೊನೆವರೆಗೆ ಮತ್ತೆ ನೋಡಿದೆ. ಏಪ್ರಿಲ್ 8, ಟ್ಯಾಂಪಾ, ಮಿನ್ನೆಸೋಟ ಎದುರು ಕ್ವಿನಿಪಿಯಾಕ್. ಅವತ್ತು ಟಿವಿ ಎದುರು ಕೂತು ನೋಡಿದಾಗ ಬರೀ ದುರದೃಷ್ಟ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಐಸ್ ಹಾಕಿ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ತಂಡಕ್ಕೆ ಐಸ್ ಮೇಲೆ ಐದು ಆಟಗಾರರು, ಒಬ್ಬ ಗೋಲ್‌ಕೀಪರ್. 20 ನಿಮಿಷದ ಮೂರು ಪೀರಿಯಡ್. ಚೆಂಡಿನ ಬದಲು ಪಕ್ ಅನ್ನುವ ಗಟ್ಟಿ ರಬ್ಬರ್ ಬಿಲ್ಲೆ. ಕಾಲೇಜು ಸೀಸನ್ ಅಕ್ಟೋಬರ್‌ನಲ್ಲಿ ಶುರುವಾಗಿ ಏಪ್ರಿಲ್‌ವರೆಗೆ ನಡೆಯುತ್ತದೆ, ಕೊನೆಗೆ 16 ತಂಡಗಳ ರಾಷ್ಟ್ರೀಯ ಟೂರ್ನಿ. ಒಂದು ಸೋತರೆ ಮನೆಗೆ. ಕೊನೆಯ ನಾಲ್ಕು ತಂಡಗಳ ಹಂತಕ್ಕೆ ಫ್ರೋಜನ್ ಫೋರ್ ಅಂತ ಹೆಸರು. ಟೂರ್ನಿಯಲ್ಲಿ ಸ್ಕೋರ್ ಸಮ ಆದರೆ ಯಾರಾದರೂ ಒಂದು ಗೋಲು ಹೊಡೆಯುವವರೆಗೆ ಓವರ್‌ಟೈಮ್, ಅದು ಮಧ್ಯರಾತ್ರಿ ದಾಟಿದರೂ ಸರಿ.

ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡವೇ ಗೋಫರ್ಸ್. ಐದು ಸಲ ರಾಷ್ಟ್ರೀಯ ಚಾಂಪಿಯನ್: 1974, 1976, 1979, 2002, 2003. ಮೊದಲ ಮೂರು ಹರ್ಬ್ ಬ್ರೂಕ್ಸ್ ಕೋಚ್ ಆಗಿದ್ದಾಗ ಬಂದವು. 1980ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡವನ್ನು ಸೋಲಿಸಿದ ಅಮೆರಿಕದ ತಂಡಕ್ಕೂ ಅವರೇ ಕೋಚ್. ಆ 20 ಹುಡುಗರಲ್ಲಿ ಒಂಬತ್ತು ಜನ ಗೋಫರ್ಸ್‌ನವರು. ಈ ಊರಿನವರಿಗೆ ಈ ತಂಡ ಅಂದರೆ ಏನು ಅಂತ ಇಷ್ಟರಲ್ಲೇ ಗೊತ್ತಾಗುತ್ತದೆ. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ಹಿರಿಯರು ಗೋಫರ್ಸ್ ಆಡುವ ಮರಿಯುಚ್ಚಿ ಅರೀನಾಗೆ ಕರೆದುಕೊಂಡು ಹೋದರು. ಹೊರಗೆ ಮೈನಸ್ 20. ಒಳಗೆ ಬ್ಯಾಂಡ್, ಕೂಗಾಟ, ಸ್ಕೇಟ್ ಐಸನ್ನು ಕೆರೆಯುವ ಸದ್ದು. ಅವತ್ತಿಂದ ಇದು ನನ್ನ ತಂಡ. 2003 ಆದ ಮೇಲೆ ಕಪ್ ಇಲ್ಲ. ಅದು ನನಗೆ ನಿಜವಾಗಲೂ ನೋವಿನ ವಿಷಯ.

ಈಗ 2023. ಆ ಸಲ ಟೂರ್ನಿಗೆ ನಂಬರ್ ಒನ್ ತಂಡವಾಗಿ ಹೋದೆವು. ಲೋಗನ್ ಕೂಲಿ, ಮ್ಯಾಥ್ಯೂ ನೈಸ್, ಜಿಮ್ಮಿ ಸ್ನಗ್ಗರಡ್, ಈ ಮೂವರನ್ನು ಒಂದೇ ಸಾಲಿನಲ್ಲಿ ಆಡಿಸುತ್ತಿದ್ದರು. ಕೂಲಿ ಮೊದಲ ವರ್ಷದ ಹುಡುಗ, 39 ಮ್ಯಾಚಿನಲ್ಲಿ 60 ಪಾಯಿಂಟ್ (ಹೊಡೆದ ಗೋಲು, ಹೊಡೆಸಿದ ಗೋಲು ಎರಡೂ ಸೇರಿ). ಹಿಂದೆ ಡಿಫೆನ್ಸ್‌ನಲ್ಲಿ ಕ್ಯಾಪ್ಟನ್ ಬ್ರಾಕ್ ಫೇಬರ್. ಕನೀಶಿಯಸ್ ಮೇಲೆ 9-2, ಸೇಂಟ್ ಕ್ಲೌಡ್ ಸ್ಟೇಟ್ ಮೇಲೆ 4-1, ಸೆಮಿಫೈನಲ್‌ನಲ್ಲಿ ಬಾಸ್ಟನ್ ಯೂನಿವರ್ಸಿಟಿ ಮೇಲೆ 6-2. ಫೈನಲ್‌ನಲ್ಲೂ ಜಾನ್ ಮಿಟ್ಟಲ್‌ಸ್ಟಾಟ್ ಮತ್ತು ಜ್ಯಾಕ್ಸನ್ ನೆಲ್ಸನ್ ಗೋಲು ಹೊಡೆದು 2-0.

ಆಮೇಲೆ ಏನಾಯಿತು? ಈ ಸಲ ನೋಡುವಾಗ ನಾನು ಪಕ್ ನೋಡಲಿಲ್ಲ, ನಮ್ಮವರು ಎಲ್ಲಿ ನಿಂತಿದ್ದಾರೆ ಅಂತ ಮಾತ್ರ ನೋಡಿದೆ. ಮೂರನೇ ಪೀರಿಯಡ್ ಪೂರ್ತಿ ನಾವು ನಮ್ಮ ಕಡೆಯೇ ಇದ್ದೇವೆ. ಪಕ್ ಸಿಕ್ಕಿದ ಕೂಡಲೇ ಸುಮ್ನೆ ಆ ಕಡೆಗೆ ಎಸೆಯುವುದು, ಆಟಗಾರರನ್ನು ಬದಲಾಯಿಸುವುದು, ಅವರು ಮತ್ತೆ ತರುವುದು, ನಾವು ಮತ್ತೆ ತಡೆಯುವುದು. ಇಡೀ ಮ್ಯಾಚಿನಲ್ಲಿ ಅವರ ಗೋಲಿನ ಮೇಲೆ ನಾವು ಹೊಡೆದದ್ದು ಬರೀ 15 ಶಾಟ್. ಅವರು 30. ಅಷ್ಟು ಪ್ರತಿಭೆ ಇದ್ದ ತಂಡಕ್ಕೆ 15! 2-1 ಆಗಿತ್ತು. ಇನ್ನು ಮೂರು ನಿಮಿಷವೂ ಇಲ್ಲ ಅನ್ನುವಾಗ ಅವರು ಗೋಲ್‌ಕೀಪರನ್ನು ಹೊರಗೆ ಕರೆಸಿ ಆರನೇ ಆಟಗಾರನನ್ನು ಇಳಿಸಿದ್ದರು, ಕಾಲಿನ್ ಗ್ರಾಫ್ ಹೊಡೆದ, 2-2. ಓವರ್‌ಟೈಮ್ ಶುರುವಾಗಿ ಹತ್ತು ಸೆಕೆಂಡ್. ಹತ್ತೇ ಸೆಕೆಂಡ್. ಜೇಕಬ್ ಕ್ವಿಲನ್ ನಮ್ಮ ಗೋಲ್‌ಕೀಪರ್ ಜಸ್ಟಿನ್ ಕ್ಲೋಸ್‌ನನ್ನು ಸುತ್ತಿಕೊಂಡು ಹೋಗಿ ಪಕ್ಕನ್ನು ಒಳಗೆ ಹಾಕಿದ. ಮುಗೀತು.

ಕ್ಲೋಸ್ ಅವತ್ತು 27 ಶಾಟ್ ತಡೆದಿದ್ದ. ಸೋಲಿನ ಹೊರೆ ಅವನ ಮೇಲೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವನ ಎದುರು ಇದ್ದವರು ಏನು ಮಾಡುತ್ತಿದ್ದರು ಅನ್ನುವುದು ನನ್ನ ಪ್ರಶ್ನೆ.

ಇದು ಒಂದೇ ವರ್ಷದ ಕಥೆ ಅಲ್ಲ ಅಂತ ನನ್ನ ಅನುಮಾನ. 2022ರಲ್ಲಿ ಬಾಸ್ಟನ್‌ನಲ್ಲಿ ನಡೆದ ಸೆಮಿಫೈನಲ್, ಮಿನ್ನೆಸೋಟ ಸ್ಟೇಟ್ ಎದುರು ಮೊದಲ ಗೋಲು ನಮ್ಮದು, ಸೋತದ್ದು 5-1. 2024ರಲ್ಲಿ ಸೂ ಫಾಲ್ಸ್‌ನಲ್ಲಿ ಬಾಸ್ಟನ್ ಯೂನಿವರ್ಸಿಟಿ ಎದುರು 6-3 ಸೋಲು. ಆ ವರ್ಷ ಫ್ರೋಜನ್ ಫೋರ್ ನಡೆದದ್ದು ನಮ್ಮ ಸೇಂಟ್ ಪಾಲ್‌ನಲ್ಲೇ, ನಮ್ಮ ತಂಡ ಮಾತ್ರ ಇರಲಿಲ್ಲ. ಈ ವರ್ಷ, 2025ರಲ್ಲಿ, ಫಾರ್ಗೋದಲ್ಲಿ ಮೊದಲ ಸುತ್ತಿನಲ್ಲೇ ಯುಮ್ಯಾಸ್ (ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ) ಎದುರು ಓವರ್‌ಟೈಮ್‌ನಲ್ಲಿ 5-4 ಸೋಲು. ನಾಲ್ಕು ಸೋಲಿನಲ್ಲಿ ಮೂರರಲ್ಲಿ ಐದು ಅಥವಾ ಜಾಸ್ತಿ ಗೋಲು ಬಿಟ್ಟಿದ್ದೇವೆ. ಎಲ್ಲರೂ ಯಾರು ಗೋಲು ಹೊಡೆದರು ಅಂತ ಮಾತಾಡುತ್ತಾರೆ. ನನಗೆ ಅನ್ನಿಸುವುದು, ನಮ್ಮ ತೊಂದರೆ ಇರುವುದು ಇನ್ನೊಂದು ತುದಿಯಲ್ಲಿ.

ನಿಮಗೆ ಏನನ್ನಿಸುತ್ತದೆ ಹೇಳಿ.

ಡಲೂತ್_ದಾರಿ

ಸರ್, ತುಂಬಾ ಚೆನ್ನಾಗಿ ಬರೆದಿದ್ದೀರಿ. ನಾನು ಡಲೂತ್ ಕಡೆಯವನು, ಅಂದರೆ ಓದಿದ್ದು ಅಲ್ಲಿ, ಹಾಗಾಗಿ ಅಲ್ಲಿನ ತಂಡ ಬುಲ್‌ಡಾಗ್ಸ್‌ನ ಅಭಿಮಾನಿ. ನಿಮ್ಮ ಮಾತಿಗೆ ಒಂದು ಉದಾಹರಣೆ ಕೊಡುತ್ತೇನೆ.

2018 ನೆನಪಿದೆಯಾ? ಟೂರ್ನಿಗೆ ಕೊನೆಯ ಜಾಗ ಯಾರಿಗೆ ಅಂತ ಲೆಕ್ಕ ಹಾಕಿದಾಗ ಮಿನ್ನೆಸೋಟ ಮತ್ತು ಮಿನ್ನೆಸೋಟ ಡಲೂತ್ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ. ನಾವು ಒಳಗೆ ಹೋದೆವು, ನೀವು ಹೊರಗೆ ಉಳಿದಿರಿ. ಆಮೇಲೆ ನಮ್ಮ ನಾಲ್ಕು ಮ್ಯಾಚ್: 3-2, 2-1, 2-1, 2-1. ನಾಲ್ಕೂ ಒಂದೇ ಗೋಲಿನ ಗೆಲುವು. ಕಪ್ ನಮ್ಮದು. ಅದೂ ಸೇಂಟ್ ಪಾಲ್‌ನಲ್ಲಿ. ಮರುವರ್ಷ ಮತ್ತೆ ನಾವೇ, ಫೈನಲ್‌ನಲ್ಲಿ ಯುಮ್ಯಾಸ್ ಮೇಲೆ 3-0.

ಆ ತಂಡದಲ್ಲಿ ಕೂಲಿಯಂಥ ಆಟಗಾರ ಒಬ್ಬನೂ ಇರಲಿಲ್ಲ. ಆದರೆ ಕೋಚ್ ಸ್ಕಾಟ್ ಸ್ಯಾಂಡಲಿನ್ ಅವರ ಹುಡುಗರು 2-1 ಮುಂದಿದ್ದಾಗ ಹೇಗೆ ಆಡುತ್ತಿದ್ದರು ಗೊತ್ತಾ? ಪಕ್ಕನ್ನು ಎದುರಾಳಿಯ ಮೂಲೆಗೆ ತಳ್ಳಿ, ಅಲ್ಲೇ ಅವರ ಮೇಲೆ ಬಿದ್ದು, ಅಲ್ಲಿಂದ ಹೊರಗೆ ಬರಲು ಬಿಡುತ್ತಿರಲಿಲ್ಲ. ನೋಡೋಕೆ ಅಂದವಿಲ್ಲ ಅಂತ ನಿಮ್ಮ ಕಡೆಯವರು ಹೇಳುತ್ತಿದ್ದರು. ಎದುರಾಳಿ ತನ್ನ ಮೂಲೆಯಲ್ಲೇ ಒದ್ದಾಡುತ್ತಿದ್ದರೆ ನಮ್ಮ ಗೋಲಿಗೆ ಬರುವುದು ಎಲ್ಲಿಂದ? ಲೀಡ್ ಕಾಯುವುದು ಅಂದರೆ ಹಿಂದೆ ನಿಲ್ಲುವುದಲ್ಲ, ಅದೇ ನಾನು ಕಲಿತದ್ದು.

ಬಾಸ್ಟನ್_ಹವ್ಯಾಸಿ

ನಾನು ಒಪ್ಪುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಮೊದಲನೆಯದು, ಸೋತ ನಾಲ್ಕು ಮ್ಯಾಚನ್ನು ಮಾತ್ರ ಆರಿಸಿಕೊಂಡು ಗೋಲು ಜಾಸ್ತಿ ಬಿಟ್ಟಿದ್ದೀರಿ ಅಂದರೆ ಅದು ಯಾವ ಲೆಕ್ಕ? ಸೋತ ಮ್ಯಾಚಿನಲ್ಲಿ ಯಾವ ತಂಡವಾದರೂ ಗೋಲು ಬಿಟ್ಟಿರುತ್ತದೆ. ಗೆದ್ದವುಗಳನ್ನೂ ಸೇರಿಸಿ ನೋಡಿ.

ಎರಡನೆಯದು, ಇದು ವಯಸ್ಸಿನ ವಿಷಯ ಅಂತ ನನ್ನ ಅಭಿಪ್ರಾಯ. ಬಾಸ್ಟನ್ ಯೂನಿವರ್ಸಿಟಿಯನ್ನು ನಾನು ಹತ್ತಿರದಿಂದ ನೋಡುತ್ತೇನೆ. 2024ರಲ್ಲಿ ನಮ್ಮಲ್ಲಿ ಮ್ಯಾಕ್ಲಿನ್ ಸೆಲೆಬ್ರಿನಿ ಇದ್ದ, 17 ವರ್ಷಕ್ಕೇ ಹೋಬಿ ಬೇಕರ್ ಪ್ರಶಸ್ತಿ, ಅಂದರೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನ ಪ್ರಶಸ್ತಿ ತಗೊಂಡ ಹುಡುಗ. ನಿಮ್ಮನ್ನು ಸೋಲಿಸಿ ಸೇಂಟ್ ಪಾಲ್‌ಗೆ ಬಂದು ಡೆನ್ವರ್ ಕೈಲಿ ಓವರ್‌ಟೈಮ್‌ನಲ್ಲಿ 2-1 ಸೋತೆವು. ಈ ವರ್ಷ ಫೈನಲ್‌ವರೆಗೆ ಹೋಗಿ ವೆಸ್ಟರ್ನ್ ಮಿಷಿಗನ್ ಕೈಲಿ 6-2. ನಮ್ಮದೂ ನಿಮ್ಮದೂ ಒಂದೇ ಥರದ ತಂಡ: 18, 19 ವರ್ಷದ, ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಆಗಲೇ ಡ್ರಾಫ್ಟ್ ಮಾಡಿಟ್ಟ, ಅಂದರೆ ಹಕ್ಕು ಕಾದಿರಿಸಿಕೊಂಡ ಹುಡುಗರು. ಕ್ವಿನಿಪಿಯಾಕ್‌ನ ಕ್ವಿಲನ್, ಗ್ರಾಫ್, ಗೋಲ್‌ಕೀಪರ್ ಯಾನಿವ್ ಪೆರೆಟ್ಸ್, ಮೂವರನ್ನೂ ಯಾರೂ ಡ್ರಾಫ್ಟ್ ಮಾಡಿರಲಿಲ್ಲ. ಅಂಥವರು ಕಾಲೇಜಿನಲ್ಲಿ ಜಾಸ್ತಿ ವರ್ಷ ಇರುತ್ತಾರೆ, ಮೈ ಗಟ್ಟಿಯಾಗಿರುತ್ತದೆ, ಮೂಲೆಯಲ್ಲಿ ತಳ್ಳಾಟ ಆದಾಗ ಬೀಳುವುದಿಲ್ಲ. ಪ್ರತಿಭೆ ಎರಡು ಪೀರಿಯಡ್ ಕಾಪಾಡುತ್ತದೆ. ಮೂರನೆಯದಕ್ಕೆ ತೂಕ ಬೇಕು.

ಮಿನ್ನೆಸೋಟ_ಮೈಸೂರಿಗ

@ಬಾಸ್ಟನ್_ಹವ್ಯಾಸಿ ಬೇಜಾರು ಏನಿಲ್ಲ, ಲೆಕ್ಕದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದಕ್ಕೆ ನಿನ್ನೆ ರಾತ್ರಿ ಕೂತು ಪೂರ್ತಿ ಲೆಕ್ಕ ತೆಗೆದೆ.

2022ರಿಂದ 2025ರವರೆಗೆ ರಾಷ್ಟ್ರೀಯ ಟೂರ್ನಿಯಲ್ಲಿ ನಾವು ಆಡಿದ್ದು 10 ಮ್ಯಾಚ್. 2022ರಲ್ಲಿ ಯುಮ್ಯಾಸ್ ಮೇಲೆ 4-3, ವೆಸ್ಟರ್ನ್ ಮಿಷಿಗನ್ ಮೇಲೆ 3-0, ಆಮೇಲೆ 1-5. 2023ರ ನಾಲ್ಕು ಮೇಲೆ ಬರೆದಿದ್ದೇನೆ. 2024ರಲ್ಲಿ ಒಮಾಹಾ ಮೇಲೆ 3-2, ಆಮೇಲೆ 3-6. 2025ರಲ್ಲಿ ಒಂದೇ, 4-5. ಒಟ್ಟು ಹೊಡೆದದ್ದು 39, ಬಿಟ್ಟದ್ದು 29.

ಇದೇ ನಾಲ್ಕು ವರ್ಷ ಕಪ್ ಗೆದ್ದವರು ಡೆನ್ವರ್, ಕ್ವಿನಿಪಿಯಾಕ್, ಮತ್ತೆ ಡೆನ್ವರ್, ವೆಸ್ಟರ್ನ್ ಮಿಷಿಗನ್. ಅವರು ತಲಾ ನಾಲ್ಕು ಮ್ಯಾಚ್, ಒಟ್ಟು 16 ಮ್ಯಾಚ್ ಆಡಿ ಹೊಡೆದದ್ದು 51, ಬಿಟ್ಟದ್ದು 20.

ಈಗ ನೋಡಿ. ನಾವು ಮ್ಯಾಚಿಗೆ ಸುಮಾರು ನಾಲ್ಕು ಗೋಲು ಹೊಡೆದಿದ್ದೇವೆ, ಚಾಂಪಿಯನ್‌ಗಳು 3.2. ಕನೀಶಿಯಸ್ ಮೇಲಿನ ಆ ಒಂಬತ್ತು ಗೋಲಿನ ಮ್ಯಾಚ್ ತೆಗೆದುಬಿಟ್ಟರೂ ನಮ್ಮದು 9 ಮ್ಯಾಚಿನಲ್ಲಿ 30, ಅಂದರೆ ಅವರಷ್ಟೇ. ಗೋಲು ಹೊಡೆಯುವುದರಲ್ಲಿ ನಾವು ಕಪ್ ಗೆದ್ದವರಿಗಿಂತ ಒಂದು ಚೂರೂ ಕಡಿಮೆ ಇಲ್ಲ. ಬಿಟ್ಟದ್ದರಲ್ಲಿ ಮಾತ್ರ ನಮ್ಮದು ಮ್ಯಾಚಿಗೆ ಹತ್ತಿರ ಹತ್ತಿರ ಮೂರು, ಅವರದ್ದು ಒಂದೂವರೆಗಿಂತ ಕಡಿಮೆ. ಅರ್ಧ! ಸಂಖ್ಯೆ ಹೀಗೆ ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಎರಡು ಸಲ ಕೂಡಿ ನೋಡಿದೆ.

2024ರ ಡೆನ್ವರ್ ಅಂತೂ ನಾಲ್ಕು ಮ್ಯಾಚಿನಲ್ಲಿ ಬಿಟ್ಟದ್ದು ಬರೀ ಮೂರು ಗೋಲು. 2-1, 2-1, 2-1, 2-0. ಫೈನಲ್‌ನಲ್ಲಿ ಎದುರಿಗಿದ್ದದ್ದು ಬಾಸ್ಟನ್ ಕಾಲೇಜ್, ವಿಲ್ ಸ್ಮಿತ್, ಕಟರ್ ಗೋಥಿಯೆ, ರಾಯನ್ ಲೆನರ್ಡ್ ಇದ್ದ ತಂಡ. ಮ್ಯಾಟ್ ಡೇವಿಸ್ 35 ಶಾಟ್ ತಡೆದ, ಒಂದೂ ಬಿಡಲಿಲ್ಲ. ಅದು ಡೆನ್ವರ್‌ನ ಹತ್ತನೇ ಕಪ್, ಕಾಲೇಜು ಹಾಕಿಯಲ್ಲಿ ಅಷ್ಟು ಯಾರೂ ಗೆದ್ದಿಲ್ಲ.

ಈ ವರ್ಷದ್ದು ಇನ್ನೂ ಸ್ಪಷ್ಟ. ಫಾರ್ಗೋದಲ್ಲಿ ಯುಮ್ಯಾಸ್ ನಮ್ಮ ಮೇಲೆ ಐದು ಗೋಲು ಹೊಡೆಯಿತು. ಅದೇ ಯುಮ್ಯಾಸ್ ಅದೇ ಐಸ್ ಮೇಲೆ ಮುಂದಿನ ಮ್ಯಾಚಿನಲ್ಲಿ ವೆಸ್ಟರ್ನ್ ಮಿಷಿಗನ್ ಮೇಲೆ ಹೊಡೆದದ್ದು ಒಂದು. 2-1ಕ್ಕೆ ಸೋತು ಮನೆಗೆ ಹೋಯಿತು. ಇಬ್ಬರಿಗೂ ಎದುರಾಳಿ ಒಬ್ಬರೇ. ಇದಕ್ಕಿಂತ ಬೇರೆ ಪರೀಕ್ಷೆ ಬೇಕಾ?

ವಯಸ್ಸಿನ ಬಗ್ಗೆ ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಮೂಲೆಯ ತಳ್ಳಾಟಕ್ಕೆ 23 ವರ್ಷದ ಹುಡುಗ ಬೇಕು, ನಿಜ. ಆದರೆ ಡೆನ್ವರ್‌ನಲ್ಲೂ ಕಿರಿಯರು ಇದ್ದರು. ಅವರು ಕಿರಿಯರಿಗೂ ತಮ್ಮ ಗೋಲಿನ ಎದುರು ಯಾರನ್ನು ಹಿಡಿಯಬೇಕು ಅಂತ ಕಲಿಸಿದ್ದರು. ಎದುರಾಳಿ ಶಾಟ್ ಹೊಡೆದ ಮೇಲೆ ಪಕ್ ಗೋಲ್‌ಕೀಪರ್‌ಗೆ ತಾಗಿ ಎದುರಿಗೆ ಬೀಳುತ್ತದಲ್ಲ, ಆ ಎರಡನೇ ಪಕ್ ಯಾರದ್ದು ಅನ್ನುವುದರಲ್ಲೇ ಆಟ ಇರುವುದು. ನಮ್ಮ ಹುಡುಗರು ಅಷ್ಟರಲ್ಲಿ ಮುಂದಿನ ದಾಳಿಗೆ ತಿರುಗಿ ನಿಂತಿರುತ್ತಾರೆ.

ಕೊಡಗಿನ_ಮಳೆ

ಮೊದಲೇ ಹೇಳಿಬಿಡುತ್ತೇನೆ, ಐಸ್ ಹಾಕಿ ನಾನು ಒಂದು ಮ್ಯಾಚೂ ಪೂರ್ತಿ ನೋಡಿಲ್ಲ. ನಮ್ಮದು ಹುಲ್ಲಿನ ಮೇಲಿನ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ನೋಡಿಕೊಂಡೇ ಬೆಳೆದವನು ನಾನು. ಆದರೆ ಈ ಚರ್ಚೆ ಓದುತ್ತಾ ಹೋದ ಹಾಗೆ ನಮ್ಮೂರ ಮೈದಾನದ ಮಾತೇ ಕೇಳಿದ ಹಾಗಾಯಿತು. ಒಂದು ಗೋಲು ಮುಂದಿದ್ದಾಗ ಎಲ್ಲರೂ ನಮ್ಮ ಗೋಲಿನ ಎದುರಿನ ಡಿ ಒಳಗೆ ಬಂದು ನಿಂತರೆ ನಮ್ಮ ಅಜ್ಜ ಗೆರೆಯ ಹೊರಗಿಂದ ಕೂಗುತ್ತಿದ್ದರು, ಮುಂದೆ ಹೋಗ್ರೋ ಅಂತ.

ಒಂದು ಪ್ರಶ್ನೆ ಅಣ್ಣ. ಆ ಕೂಲಿ ಮೊದಲ ವರ್ಷದ ಹುಡುಗ ಅಂದಿರಿ. ಹಾಗಾದರೆ ಇನ್ನೂ ಮೂರು ವರ್ಷ ಆಡಬೇಕಿತ್ತು ಅಲ್ವಾ? 2024ರ ಸೋಲಿನಲ್ಲಿ ಅವನ ಹೆಸರೇ ಇಲ್ಲ.

ಮಿನ್ನೆಸೋಟ_ಮೈಸೂರಿಗ

@ಕೊಡಗಿನ_ಮಳೆ ಒಳ್ಳೆಯ ಪ್ರಶ್ನೆ ತಮ್ಮ. ಇಲ್ಲಿ ಎನ್‌ಎಚ್‌ಎಲ್ ತಂಡಗಳು 18 ವರ್ಷಕ್ಕೇ ಹುಡುಗರನ್ನು ಡ್ರಾಫ್ಟ್ ಮಾಡಿ ಹಕ್ಕು ಇಟ್ಟುಕೊಳ್ಳುತ್ತವೆ. ಹುಡುಗ ಕಾಲೇಜಿನಲ್ಲಿ ಆಡುತ್ತಿರಬಹುದು. ಸಿದ್ಧ ಆದ ಅನ್ನಿಸಿದ ದಿನ ಸಹಿ ಹಾಕಿ ಹೊರಡುತ್ತಾನೆ. ಕೂಲಿ 2022ರ ಡ್ರಾಫ್ಟ್‌ನಲ್ಲಿ ಮೂರನೆಯವನು. ಇನ್ನೊಂದು ವರ್ಷ ಇರುತ್ತೇನೆ ಅಂತ ಹೇಳಿದ್ದ, 2023ರ ಜುಲೈನಲ್ಲಿ ಅರಿಝೋನಾಗೆ ಸಹಿ ಹಾಕಿದ. ನೈಸ್ ಆ ಫೈನಲ್ ಮುಗಿಯುತ್ತಿದ್ದ ಹಾಗೆ ಟೊರೊಂಟೊಗೆ, ಫೇಬರ್ ಮಿನ್ನೆಸೋಟ ವೈಲ್ಡ್‌ಗೆ. ಸ್ನಗ್ಗರಡ್ ಒಬ್ಬನೇ ಇನ್ನೆರಡು ವರ್ಷ ಉಳಿದ, ಈ ಮಾರ್ಚ್‌ನಲ್ಲಿ ಯುಮ್ಯಾಸ್ ಎದುರು ಸೋತ ಮೇಲೆ ಸೇಂಟ್ ಲೂಯಿಸ್‌ಗೆ ಹೋದ. ಅವನ ಮೇಲೆ ನನಗೆ ತುಂಬಾ ಪ್ರೀತಿ. ಹೋಗಬಹುದಿತ್ತು, ಹೋಗಲಿಲ್ಲ.

ಮಧ್ಯದಲ್ಲೇ ಹೋದವರೂ ಇದ್ದಾರೆ. 2022ರ ಜನವರಿಯಲ್ಲಿ ನಮ್ಮ ಗೋಲ್‌ಕೀಪರ್ ಜ್ಯಾಕ್ ಲಾಫಾಂಟೇನ್ ಸೀಸನ್ ನಡುವೆಯೇ ಕೆರೊಲಿನಾಗೆ ಹೋದ. ಅಲ್ಲಿವರೆಗೆ ಬೆಂಚಿನ ಮೇಲೆ ಕೂತಿದ್ದ ಕ್ಲೋಸ್‌ನನ್ನು ಒಂದೇ ಸಲ ಐಸ್‌ಗೆ ಇಳಿಸಬೇಕಾಯಿತು. ಆ ಹುಡುಗ ಎರಡು ವರ್ಷ ಸತತವಾಗಿ ನಮ್ಮನ್ನು ಫ್ರೋಜನ್ ಫೋರ್‌ಗೆ ಕರೆದುಕೊಂಡು ಹೋದ. ಅದಕ್ಕೇ ಮೇಲೆ ಹಾಗೆ ಬರೆದೆ.

ಮಂಡ್ಯದ_ಮಗಳು

ಎಲ್ಲರೂ ಗಂಡಸರ ತಂಡದ ಬಗ್ಗೆಯೇ ಮಾತಾಡುತ್ತಿದ್ದೀರಿ. ಅದೇ ವಿಶ್ವವಿದ್ಯಾಲಯದಲ್ಲಿ, ಅದೇ ಕಟ್ಟಡದ ಪಕ್ಕದಲ್ಲಿ, ರಿಡ್ಡರ್ ಅರೀನಾದಲ್ಲಿ ಆಡುವ ಹೆಣ್ಣುಮಕ್ಕಳ ತಂಡ 2004ರಿಂದ 2016ರ ನಡುವೆ ಆರು ಸಲ ರಾಷ್ಟ್ರೀಯ ಟೂರ್ನಿ ಗೆದ್ದಿದೆ. 2012-13ರಲ್ಲಿ 41 ಮ್ಯಾಚ್ ಆಡಿ 41ನ್ನೂ ಗೆದ್ದರು. ಹಿಂದಿನ ಸೀಸನ್‌ನಿಂದ ಮುಂದಿನ ಸೀಸನ್‌ವರೆಗೆ ಸೇರಿಸಿದರೆ ಸತತ 62 ಗೆಲುವು. ಆ ತಂಡದ ಅಮಾಂಡಾ ಕೆಸೆಲ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ಆದರೆ ಗೋಲಿನಲ್ಲಿ ಇದ್ದದ್ದು ಫಿನ್‌ಲ್ಯಾಂಡ್‌ನ ನೂರಾ ರಾಟಿ. ಆಕೆ ಹಿಂದೆ ಇದ್ದಾಳೆ ಅನ್ನುವ ಧೈರ್ಯ ಇದ್ದದ್ದಕ್ಕೇ ಮುಂದಿನವರು ಅಷ್ಟು ಬಿಡುಬೀಸಾಗಿ ಆಡಿದರು.

2013ರ ಸೆಮಿಫೈನಲ್ ಬಾಸ್ಟನ್ ಕಾಲೇಜ್ ಎದುರು ಓವರ್‌ಟೈಮ್‌ಗೆ ಹೋಗಿತ್ತು, 3-2ಕ್ಕೆ ಗೆದ್ದರು. ಸೋಲದೇ ಅಷ್ಟು ದೂರ ಬಂದ ತಂಡ ಆ ಒತ್ತಡದಲ್ಲಿ ಹಿಂದೆ ಸರಿಯಲಿಲ್ಲ. ನಮ್ಮ ಹುಡುಗರು ರಸ್ತೆ ದಾಟಿ ಎಲ್ಲೋ ಹೋಗಿ ಕಲಿಯಬೇಕಾಗಿಲ್ಲ, ಪಕ್ಕದ ಬಾಗಿಲು ತೆರೆದರೆ ಸಾಕು.

ನನ್ನ ಮಗಳಿಗೆ ಈಗ ಒಂಬತ್ತು ವರ್ಷ, ಡಿಫೆನ್ಸ್ ಆಡುತ್ತಾಳೆ. ಬೆಳಗ್ಗೆ ಆರಕ್ಕೆ ಅಭ್ಯಾಸ. ಗೋಲು ಹೊಡೆದವರಿಗೆ ಮಾತ್ರ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟುತ್ತಾರೆ ಅಂತ ಮೊನ್ನೆ ಅವಳೇ ಹೇಳಿದಳು. ಅದು ನನ್ನ ಮನಸ್ಸಿನಲ್ಲೇ ಉಳಿದಿದೆ.

ಡಲೂತ್_ದಾರಿ

ಅಕ್ಕ, ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಚಪ್ಪಾಳೆ. ಡಿಫೆನ್ಸ್ ಆಡುವ ಮಕ್ಕಳನ್ನು ಯಾರೂ ನೋಡುವುದಿಲ್ಲ, ಅದು ಸತ್ಯ.

ಹಳೇ_ಐಸ್

ನಾನು ಇಲ್ಲಿಗೆ ಬಂದು 26 ವರ್ಷ ಆಯಿತು. 2002ರ ಫೈನಲ್ ಸೇಂಟ್ ಪಾಲ್‌ನಲ್ಲಿ ನಡೆದಾಗ ನಾನು ಒಳಗೇ ಇದ್ದೆ. ಅದರ ಬಗ್ಗೆ ಯಾರಾದರೂ ಬರೆಯುತ್ತಾರೆ ಅಂತ ಕಾಯುತ್ತಿದ್ದೆ.

ಅವತ್ತು ಮೇಯ್ನ್ ತಂಡ 3-2 ಮುಂದಿತ್ತು. ಕೊನೆಯ ನಿಮಿಷ. ನಾವು ಗೋಲ್‌ಕೀಪರ್ ಆಡಮ್ ಹೌಸರ್‌ನನ್ನು ಹೊರಗೆ ತಂದು ಆರನೇ ಆಟಗಾರನನ್ನು ಇಳಿಸಿದೆವು. ಇನ್ನೊಂದು ನಿಮಿಷವೂ ಬಾಕಿ ಇಲ್ಲದಾಗ ಮ್ಯಾಟ್ ಕೋಲ್ಸ್‌ಕಾ ಹೊಡೆದ, 3-3. ಓವರ್‌ಟೈಮ್‌ನಲ್ಲಿ ಗ್ರಾಂಟ್ ಪೊಟುಲ್ನಿ ಹೊಡೆದ, 23 ವರ್ಷದ ಕಾಯುವಿಕೆ ಮುಗಿಯಿತು. ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕರೊಬ್ಬರು ನನ್ನನ್ನು ತಬ್ಬಿಕೊಂಡು ಅತ್ತರು.

ಈಗ 2023 ನೆನಪು ಮಾಡಿಕೊಳ್ಳಿ. ಕೊನೆಗಳಿಗೆಯಲ್ಲಿ ಗೋಲ್‌ಕೀಪರ್ ಹೊರಗೆ, ಆರನೇ ಆಟಗಾರ, ಸಮ, ಓವರ್‌ಟೈಮ್ ಗೋಲು. ನಾವು ಮೇಯ್ನ್‌ಗೆ ಏನು ಮಾಡಿದೆವೋ ಕ್ವಿನಿಪಿಯಾಕ್ ನಮಗೆ ಅದನ್ನೇ ಮಾಡಿತು. ಅವತ್ತು ಸೋತ ಮೇಯ್ನ್ ಹುಡುಗರ ಮುಖ ನನಗೆ 21 ವರ್ಷ ಆದ ಮೇಲೆ ಅರ್ಥವಾಯಿತು.

ಇನ್ನೊಂದು ವಿಷಯ. ಪೊಟುಲ್ನಿ ಮಿನ್ನೆಸೋಟದವನಲ್ಲ, ನಾರ್ತ್ ಡಕೋಟಾದ ಗ್ರಾಂಡ್ ಫೋರ್ಕ್ಸ್‌ನವನು. ಅದಕ್ಕೂ ಮುಂಚೆ ಬಹಳ ವರ್ಷ ನಮ್ಮ ತಂಡದಲ್ಲಿ ಬರೀ ಮಿನ್ನೆಸೋಟದ ಹುಡುಗರೇ ಇದ್ದರು, ಅದೇ ನಮ್ಮ ಹೆಮ್ಮೆ ಆಗಿತ್ತು. ಡಾನ್ ಲುಸಿಯಾ ಕೋಚ್ ಆಗಿ ಬಂದ ಮೇಲೆ ಆ ಪದ್ಧತಿ ಸಡಿಲ ಮಾಡಿ ಇವನನ್ನು ಕರೆತಂದರು. ಆಗ ಗೊಣಗಿದವರು ತುಂಬಾ ಜನ. ಕಪ್ ತಂದುಕೊಟ್ಟದ್ದು ಅವನೇ. ಗೋಲಿನ ಎದುರು ಗಟ್ಟಿಯಾಗಿ ನಿಂತು ಏಟು ತಿನ್ನುತ್ತಿದ್ದ ಆಟಗಾರ ಅವನು, ಬೆಡಗಿನ ಆಟ ಅಲ್ಲ. ನಮಗೆ ಈಗ ಬೇಕಾಗಿರುವುದು ಅಂಥವರು. ಎಲ್ಲಿಂದ ಬಂದರೂ ಸರಿ.

ಬಾಸ್ಟನ್_ಹವ್ಯಾಸಿ

@ಮಿನ್ನೆಸೋಟ_ಮೈಸೂರಿಗ ನಿಮ್ಮ ಲೆಕ್ಕ ನೋಡಿದೆ. ಒಪ್ಪಿದೆ. ಬಾಸ್ಟನ್ ಯೂನಿವರ್ಸಿಟಿಗೂ ಹಾಗೇ ಲೆಕ್ಕ ಹಾಕಿದರೆ ಸೋತ ಮ್ಯಾಚುಗಳಲ್ಲಿ ನಿಮ್ಮ ಕೈಲಿ ಆರು, ವೆಸ್ಟರ್ನ್ ಮಿಷಿಗನ್ ಕೈಲಿ ಆರು. ನಮಗೂ ಅದೇ ರೋಗ ಅಂತ ಕಾಣುತ್ತದೆ.

ಆದರೆ @ಹಳೇ_ಐಸ್ ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. 2025ರ ಆಗಸ್ಟ್ 1ರಿಂದ ನಿಯಮ ಬದಲಾಗಿದೆ. ಕೆನಡಾದ ಮೇಜರ್ ಜೂನಿಯರ್ ಲೀಗ್‌ಗಳಲ್ಲಿ ಆಡಿದವರನ್ನು ಇಲ್ಲಿವರೆಗೆ ವೃತ್ತಿಪರರು ಅಂತ ಲೆಕ್ಕ ಹಾಕಿ ಅಮೆರಿಕದ ಕಾಲೇಜು ತಂಡಗಳಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಇನ್ನು ಮುಂದೆ ಅವರೂ ಬರಬಹುದು. ಅಲ್ಲಿಂದ ಗ್ಯಾವಿನ್ ಮೆಕೆನ್ನಾ 2025ರಲ್ಲೇ ಪೆನ್ ಸ್ಟೇಟ್ ಆರಿಸಿಕೊಂಡ, ಅಂದರೆ ನೀವು ಆಡುವ ಬಿಗ್ ಟೆನ್ ಗುಂಪಿನಲ್ಲೇ ನಿಮ್ಮ ಎದುರಿನ ತಂಡ. ಗೋಲಿನ ಎದುರು ಕಾಯುವುದು ಇನ್ನೂ ಕಷ್ಟ ಆಗುತ್ತದೆ, ಕಡಿಮೆ ಅಲ್ಲ.

ಮಿನ್ನೆಸೋಟ_ಮೈಸೂರಿಗ

@ಹಳೇ_ಐಸ್ ಸರ್, ನಿಮ್ಮ ಪೋಸ್ಟ್ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 2002 ನನಗೆ ಬರೀ ವಿಡಿಯೊ. ಎರಡು ಫೈನಲ್‌ಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ನಾನು ಯಾವತ್ತೂ ನೋಡಿರಲಿಲ್ಲ.

ಕೋಚ್ ಬಾಬ್ ಮಾಟ್ಜ್‌ಕೊ ಅವರನ್ನು ಬದಲಾಯಿಸಿ ಅಂತ 2025ರಲ್ಲಿ ಕೆಲವರು ಬೇರೆ ಕಡೆ ಬರೆದರು. ನನ್ನ ಮಾತು ಅದಲ್ಲ. 2018ರಲ್ಲಿ ಟೂರ್ನಿಗೇ ಹೋಗದೆ ಉಳಿದ ತಂಡವನ್ನು ಅವರು ಕೈಗೆ ತಗೊಂಡರು, 2021ರಿಂದ ಸತತ ಐದು ವರ್ಷ ಟೂರ್ನಿಗೆ ಕರೆದುಕೊಂಡು ಹೋದರು, 2025ರಲ್ಲಿ ಮಿಷಿಗನ್ ಸ್ಟೇಟ್ ಜೊತೆ ಬಿಗ್ ಟೆನ್ ಪಟ್ಟ ಹಂಚಿಕೊಂಡರು. ಅದನ್ನು ಮರೆಯುವುದು ತಪ್ಪು. ಆದರೆ ಅದೇ ತಂಡ ಮಾರ್ಚ್‌ನಲ್ಲಿ ನಮ್ಮದೇ ಅರೀನಾದಲ್ಲಿ, ಪಟ್ಟಿಯ ತಳದಲ್ಲಿದ್ದ ನೋಟರ್ ಡೇಮ್ ಎದುರು ಮೂರರಲ್ಲಿ ಎರಡು ಮ್ಯಾಚ್ ಸೋತಿತು. ಅದೂ ಒಂದು ಎಚ್ಚರಿಕೆ ಆಗಿತ್ತು, ಮೂರು ವಾರ ಆಗುವುದರೊಳಗೆ ಫಾರ್ಗೋದಲ್ಲಿ ಮತ್ತೆ ಅದೇ ಆಯಿತು. ನಾನು ಕೇಳುವುದು ಇಷ್ಟೇ: ಮುಂದಿನ ಸಲ ಹುಡುಗರನ್ನು ಆರಿಸುವಾಗ ಮೊದಲ ಎರಡು ಜಾಗ ಹೆಚ್ಚು ಗೋಲು ಹೊಡೆಯುವವರಿಗೆ ಕೊಡಿ, ಸರಿ, ಮೂರನೆಯದನ್ನು ಮೂಲೆಯಲ್ಲಿ ಪಕ್ ಗೆಲ್ಲುವ 22 ವರ್ಷದವನಿಗೆ ಕೊಡಿ. ಬೇರೆ ಕಾಲೇಜಿನಿಂದ ವರ್ಗಾವಣೆ ಆಗಿ ಬರುವವರಲ್ಲಿ ಅಂಥವರು ಬೇಕಾದಷ್ಟು ಸಿಗುತ್ತಾರೆ.

ಮಂಡ್ಯದ_ಮಗಳು

ಅಕ್ಟೋಬರ್‌ನಲ್ಲಿ ಮರಿಯುಚ್ಚಿಗೆ ಯಾರು ಬರುತ್ತೀರಿ? ನಾವು ಮೂವರು ಬರುತ್ತೇವೆ. ಟಿಕೆಟ್ ತಗೊಳ್ಳುವ ಮುಂಚೆ ಕೇಳೋಣ ಅಂತ. ಯಾವ ಕಡೆ ಕೂತರೆ ಒಳ್ಳೆಯದು? ಮಗಳಿಗೆ ಡಿಫೆನ್ಸ್ ಹತ್ತಿರದಿಂದ ಕಾಣಬೇಕು.

ಮಿನ್ನೆಸೋಟ_ಮೈಸೂರಿಗ

ನಾನು ಬರುತ್ತೇನೆ ಮೇಡಂ, ಪಕ್ಕದ ಮನೆಯ ಹಿರಿಯರನ್ನೂ ಕರೆದುಕೊಂಡು ಬರುತ್ತೇನೆ. ಎಲ್ಲರೂ ಗೋಫರ್ಸ್ ಎರಡು ಪೀರಿಯಡ್ ದಾಳಿ ಮಾಡುವ ಕಡೆ ಸೀಟು ಹುಡುಕುತ್ತಾರೆ. ನೀವು ಎದುರು ಕಡೆ ತಗೊಳ್ಳಿ. ಮೊದಲನೇ ಮತ್ತು ಮೂರನೇ ಪೀರಿಯಡ್‌ನಲ್ಲಿ ನಮ್ಮ ಗೋಲ್‌ಕೀಪರ್ ಅಲ್ಲೇ ಇರುತ್ತಾನೆ. ಗಾಜಿನಿಂದ ಏಳೆಂಟು ಸಾಲು ಮೇಲೆ ಕೂತರೆ ಶಾಟ್ ಆದ ಮೇಲೆ ಎರಡನೇ ಪಕ್ ಹತ್ತಿರ ನಮ್ಮವರು ಯಾರಿದ್ದಾರೆ ಅಂತ ನಿಮ್ಮ ಮಗಳಿಗೆ ಚೆನ್ನಾಗಿ ಕಾಣುತ್ತದೆ. ನಮ್ಮ ಡಿಫೆನ್ಸ್ ಹುಡುಗ ಪಕ್ಕನ್ನು ಮೂಲೆಗೆ ತಳ್ಳಿ ಹೊರಗೆ ತೆಗೆದ ಪ್ರತಿ ಸಲ ನಾವೆಲ್ಲ ಅಲ್ಲಿಂದ ಚಪ್ಪಾಳೆ ತಟ್ಟೋಣ.